ಆಟವನ್ನು ನಂಬದ ಆಟಗಾರ

ಕನ್ನಡದ ಕೆಲವು ಮಾತುಗಳು ನೋಡುವುದಕ್ಕೆ ಚಿಕ್ಕವಾದರೂ ತಮ್ಮೊಳಗೆ ಬಹಳ ಅರ್ಥವನ್ನು ಅಡಗಿಸಿಟ್ಟುಕೊಂಡಿರುತ್ತವೆ. ‘ಆಟ’ ಅಂಥ ಒಂದು ಮಾತು. ಬೀದಿಯ ಹುಡುಗರ ಚಿನ್ನಿದಾಂಡು ಆಟ. ಜಗಲಿಯ ಮೇಲೆ ಹೆಂಗಸರು ಕವಡೆ ಹಾಕಿ ಆಡುವ ಚೌಕಾಬಾರವೂ ಆಟ. ಕರಾವಳಿಯಲ್ಲಿ ‘ಇಂದು ಆಟ ಉಂಟು’ ಎಂದರೆ ಅದು ಇರುಳಿಡೀ ನಡೆಯುವ ಯಕ್ಷಗಾನ. ಅಲ್ಲಿ ಆಟವೆಂದರೆ ಕಲೆ. ಇನ್ನು ‘ನಿನ್ನ ಆಟ ನನ್ನ ಹತ್ತಿರ ನಡೆಯದು’ ಎಂದು ಒಬ್ಬರು ಗದರಿಕೊಂಡಾಗ ಅದೇ ಮಾತು ಕಪಟವೆಂಬ ಅರ್ಥವನ್ನು ತಾಳುತ್ತದೆ. ಕ್ರೀಡೆ, ಕಲೆ, ಕಪಟ—ಈ ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ನಮ್ಮ ಹಿರಿಯರು ವಿಡಿಯೋ ಗೇಮ್ ಎಂಬುದನ್ನು ಕಂಡವರಲ್ಲ. ಆದರೂ ಆ ಉದ್ಯಮವನ್ನು ಕುರಿತು ಇಂದು ಬರೆಯಲು ಕುಳಿತವನಿಗೆ ಇದಕ್ಕಿಂತ ಒಪ್ಪುವ ಮಾತು ದೊರೆಯಲಾರದು.

ಸಾಹಿತ್ಯದ ಈ ಪುಟದಲ್ಲಿ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಒಂದು ಸಣ್ಣ ಪ್ರಸಂಗ ಕಾರಣ. ಕೆಲವು ವಾರಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜಿಗೆ ಬಂದಿದ್ದ. ಓದುವ ದಿನಗಳಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಆಸೆಯಿಂದ ಕೇಳಿದವನು. ಅದಕ್ಕಿಂತ ಹೆಚ್ಚಿನ ಆಸೆಯಿಂದ ಕಂಪ್ಯೂಟರಿನ ಮುಂದೆ ಕುಳಿತು ಆಟವಾಡಿದವನು. ಈಗ ಮೂವತ್ತು ದಾಟಿದ್ದಾನೆ. ಉದ್ಯೋಗ, ಸಂಸಾರ ಎರಡೂ ಇವೆ. ಮಾತಿನ ನಡುವೆ ಚೀಲದಿಂದ ಒಂದು ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟ. “ಸಾರ್, ಮೊದಲನೆಯ ಸಂಬಳದಲ್ಲಿ ಕೊಂಡ ಆಟ. ಕೋಟೆ ಕಾಯುವುದು. ದುಬೈಯಲ್ಲಿರುವ ನಮ್ಮಣ್ಣ ಬಡಗಣ ಬಾಗಿಲು, ನಾನು ತೆಂಕಣ ಬಾಗಿಲು. ಆರು ವರ್ಷ, ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ. ಕಂಪನಿಯವರು ಸರ್ವರ್ ನಿಲ್ಲಿಸಿದರು. ಈಗ ಇದು ಕಾಫಿ ಲೋಟದ ಕೆಳಗೆ ಇಡುವುದಕ್ಕೆ ಸರಿ” ಎಂದು ನಕ್ಕ. ನಗೆಯಲ್ಲಿ ಸಂತೋಷವಿರಲಿಲ್ಲ.

“ಅಣ್ಣನ ಹತ್ತಿರ ಈಗ ಮಾತಿಲ್ಲವೇನಪ್ಪಾ?” ಎಂದು ಕೇಳಿದೆವು.

“ಫೋನಿನಲ್ಲಿ ಮಾತಾಡುತ್ತೇವೆ ಸಾರ್. ಆದರೆ ಮಾತಾಡುವುದಕ್ಕೆ ವಿಷಯ ಬೇಕಲ್ಲ. ಕೋಟೆಯ ಬಾಗಿಲಲ್ಲಿ ಸುಮ್ಮನೆ ನಿಂತರೂ ಆಗುತ್ತಿತ್ತು.”

ಅನಂತರ ಒಂದು ಗಂಟೆ ಆ ಉದ್ಯಮವನ್ನು ಅವನು ಬೈದ ಬಗೆಯನ್ನು ಇಲ್ಲಿ ಪೂರ್ತಿಯಾಗಿ ಬರೆಯುವಂತಿಲ್ಲ. ಸಾರಾಂಶವಿಷ್ಟು: ಇಂದಿನ ಆಟಗಳು ಆಟಗಳಲ್ಲ, ಸುಂಕದ ಕಟ್ಟೆಗಳು, ಅರ್ಧ ಬೆಂದ ಅನ್ನವನ್ನು ಬಡಿಸಿ ಪೂರ್ತಿ ಊಟದ ಹಣ ಕೇಳುತ್ತಾರೆ, ಮಾಡಿದವರನ್ನು ಮನೆಗೆ ಕಳಿಸಿ ಮಾರಿದವರು ಶ್ರೀಮಂತರಾಗುತ್ತಾರೆ, ಹೊಗಳಿ ಬರೆಯುವವರೆಲ್ಲ ಆ ಛತ್ರದ ಊಟದವರೇ, ಎಲ್ಲರೂ ಕಳ್ಳರು, ಕೊಳ್ಳುವ ತಾನು ಮಾತ್ರ ಮೂರ್ಖ. ಇಂಥ ಮನೋಧರ್ಮಕ್ಕೆ ‘ಸಿನಿಕತೆ’ ಎಂದು ಹೆಸರಿಟ್ಟು ಕೈಬಿಡುವುದು ಸುಲಭ. ಆದರೆ ಸಿನಿಕನ ಮಾತಿನಲ್ಲಿ ನಿಜವೆಷ್ಟು, ನೋವೆಷ್ಟು, ಸೋಮಾರಿತನವೆಷ್ಟು ಎಂದು ತೂಗಿ ನೋಡದೆ ತಳ್ಳಿಬಿಡುವುದು ನ್ಯಾಯವಲ್ಲ. ಆ ತೂಕವನ್ನು ಇಲ್ಲಿ ಮಾಡಬಯಸುತ್ತೇವೆ.

ಮೊದಲು ಅವನ ಮನಸ್ಸಿನಲ್ಲಿರುವ ಸುವರ್ಣಯುಗದ ಭ್ರಮೆಯನ್ನು ಕಳೆಯಬೇಕು. ಹಿಂದೆ ಎಲ್ಲವೂ ಚೆನ್ನಾಗಿತ್ತು, ಈಗ ಕೆಟ್ಟಿತು ಎಂಬುದು ಎಲ್ಲ ಕಾಲದ ಸಿನಿಕರ ಪಲ್ಲವಿ. ಈ ಉದ್ಯಮದ ಬಾಲ್ಯ ಅಷ್ಟೇನೂ ನಿರ್ಮಲವಾಗಿರಲಿಲ್ಲ. ೧೯೭೨ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ‘ಪಾಂಗ್’ ಎಂಬ ಯಂತ್ರವನ್ನು ಪಾನಗೃಹಗಳಲ್ಲಿ ಇಟ್ಟಾಗ ಅದರ ಹೊಟ್ಟೆ ತುಂಬುತ್ತಿದ್ದುದು ನಾಣ್ಯಗಳಿಂದ. ನಾಣ್ಯದ ಯಂತ್ರದ ಧರ್ಮವೇ ಆಟಗಾರ ಬೇಗ ಸೋಲಬೇಕೆಂಬುದು. ಸೋತರೆ ತಾನೆ ಮತ್ತೊಂದು ನಾಣ್ಯ? ಮುಂದೆ ಆಟ ಮನೆಗೆ ಬಂದು ಕಾರ್ಟ್ರಿಜಿನ ರೂಪ ತಾಳಿದಾಗ ಒಮ್ಮೆ ಕೊಟ್ಟರೆ ಮುಗಿಯಿತು ಎಂಬ ನೆಮ್ಮದಿ ದೊರೆಯಿತು, ನಿಜ. ಆದರೆ ದುರಾಶೆ ಆಗಲೂ ಸುಮ್ಮನಿರಲಿಲ್ಲ. ೧೯೮೨ರಲ್ಲಿ ‘ಇ.ಟಿ.’ ಚಲನಚಿತ್ರ ಜನಪ್ರಿಯವಾದೊಡನೆ, ಆ ಕತೆಯ ಆಟವೊಂದು ಕ್ರಿಸ್‌ಮಸ್ಸಿನ ಮಾರಾಟಕ್ಕೆ ಸಿದ್ಧವಾಗಬೇಕೆಂದು ಅಟಾರಿ ಹಟ ಹಿಡಿಯಿತು. ಹೊವರ್ಡ್ ಸ್ಕಾಟ್ ವಾರ್ಶಾ ಎಂಬ ಒಬ್ಬನೇ ಕುಶಲಿಗೆ ದೊರೆತ ಕಾಲ ಸುಮಾರು ಐದು ವಾರ. ಆಟ ಕೆಟ್ಟಿತು, ಮಾರದೆ ಉಳಿದ ಸರಕು ಬೆಟ್ಟವಾಯಿತು. ೧೯೮೩ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಲಾರಿಗಟ್ಟಲೆ ಕಾರ್ಟ್ರಿಜುಗಳನ್ನು ಹೂಳಲಾಯಿತು. ೨೦೧೪ರ ಏಪ್ರಿಲಿನಲ್ಲಿ ಅದೇ ಗುಂಡಿಯನ್ನು ಅಗೆದು, ಪ್ರಾಚ್ಯವಸ್ತುಗಳನ್ನು ಎತ್ತುವಂತೆ ಅವನ್ನು ಎತ್ತಿದರು. ಅಷ್ಟರಲ್ಲಿ ಉತ್ತರ ಅಮೆರಿಕದ ಮಾರುಕಟ್ಟೆ ಒಮ್ಮೆ ಕುಸಿದು ಎದ್ದಿತ್ತು. ಸುಮಾರು ೩೦೦ ಕೋಟಿ ಡಾಲರಿನ ವ್ಯಾಪಾರ ೧೯೮೫ರ ವೇಳೆಗೆ ಸುಮಾರು ೧೦ ಕೋಟಿಗೆ ಇಳಿಯಿತೆಂದು ಆ ಉದ್ಯಮದ ಚರಿತ್ರೆಕಾರರು ಬರೆಯುತ್ತಾರೆ. ಅರ್ಧ ಬೆಂದ ಅನ್ನ ಬಡಿಸುವ ರೂಢಿ ನಿನ್ನೆ ಮೊನ್ನೆಯದಲ್ಲವೆಂಬುದಕ್ಕೆ ಇಷ್ಟು ಸಾಕು.

ಆ ಕಾಲದ ಇನ್ನೊಂದು ಸಂಗತಿ ಸಾಹಿತ್ಯದವರಿಗೆ ವಿಶೇಷವಾಗಿ ಮನಮುಟ್ಟುವಂಥದು. ಆಟವನ್ನು ರಚಿಸಿದವನ ಹೆಸರನ್ನು ಅಟಾರಿ ಎಲ್ಲಿಯೂ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬ ರಚನಕಾರ ತನ್ನ ‘ಅಡ್ವೆಂಚರ್’ ಎಂಬ ಆಟದಲ್ಲಿ, ಕಣ್ಣಿಗೆ ಕಾಣಿಸದಂಥ ಒಂದು ಚುಕ್ಕೆಯನ್ನು ಹಿಡಿದು ಹೋದವನಿಗೆ ಮಾತ್ರ ತೆರೆಯುವ ಗುಪ್ತ ಕೊಠಡಿಯೊಂದನ್ನು ಕಟ್ಟಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟ. ಮಾಲೀಕರಿಗೆ ಅದರ ಸುಳಿವಿರಲಿಲ್ಲ. ಅವನು ಕೆಲಸ ಬಿಟ್ಟುಹೋದ ಮೇಲೆ ಆಡುತ್ತಿದ್ದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಪತ್ರ ಬರೆದ. ನಮ್ಮ ಕವಿಗಳು ಪದ್ಯದ ಕೊನೆಯಲ್ಲಿ ಅಂಕಿತವನ್ನಿಡುತ್ತಿದ್ದರು. ಈತ ಅಂಕಿತವನ್ನು ಕಳ್ಳತನದಿಂದ ಇಡಬೇಕಾಯಿತು. ಇದೇ ಅವಮಾನವನ್ನು ಸಹಿಸದೆ ಅಟಾರಿಯ ನಾಲ್ವರು ರಚನಕಾರರು ಹೊರಬಂದು ೧೯೭೯ರಲ್ಲಿ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು; ರಚನಕಾರನ ಹೆಸರು ಮುದ್ರಿಸಿಯೇ ಆಟವನ್ನು ಮಾರಿದರು.

ಮುಂದಿನ ಕತೆ ಕೇಳಿ. ಕಲೆಗಾರನ ಮಾನಕ್ಕಾಗಿ ಹುಟ್ಟಿದ ಆ ಸಂಸ್ಥೆ ಬೆಳೆದು, ಬೇರೆ ಸಂಸ್ಥೆಗಳೊಡನೆ ಕೂಡಿ, ದೈತ್ಯವಾಗಿ, ೨೦೨೩ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಕೈ ಸೇರಿತು. ಖರೀದಿಗೆ ಘೋಷಿಸಿದ್ದ ಬೆಲೆ ೬,೮೭೦ ಕೋಟಿ ಡಾಲರ್. ನಾಲ್ಕು ತಿಂಗಳು ಕಳೆಯುವುದರೊಳಗೆ, ೨೦೨೪ರ ಜನವರಿಯಲ್ಲಿ, ಮೈಕ್ರೋಸಾಫ್ಟಿನ ಆಟಗಳ ವಿಭಾಗದಿಂದ ೧,೯೦೦ ಮಂದಿಯನ್ನು ತೆಗೆದುಹಾಕುವುದಾಗಿ ಪ್ರಕಟಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ‘ಹೈ-ಫೈ ರಷ್’ ಎಂಬ ಆಟವನ್ನು ರಚಿಸಿದ್ದ ಜಪಾನಿನ ಟ್ಯಾಂಗೋ ಗೇಮ್‌ವರ್ಕ್ಸ್ ಎಂಬ ಶಾಖೆಯನ್ನು ಮುಚ್ಚುವ ನಿರ್ಧಾರ ಬಂತು. ಆ ಆಟ ಸೋತಿದ್ದರೆ ವ್ಯಾಪಾರದ ನ್ಯಾಯವೆನ್ನಬಹುದಿತ್ತು. ಆದರೆ ಹಿಂದಿನ ವರ್ಷವಷ್ಟೇ ವಿಮರ್ಶಕರೂ ಆಟಗಾರರೂ ಒಂದೇ ಕಂಠದಿಂದ ಮೆಚ್ಚಿದ ಕೃತಿಯದು. ಮತ್ತೊಂದು ಸಂಸ್ಥೆ ಆ ತಂಡವನ್ನು ಅನಂತರ ಕೊಂಡು ಉಳಿಸಿಕೊಂಡಿತೆಂಬುದು ಸಮಾಧಾನದ ಮಾತು. ಚೆನ್ನಾಗಿ ಬರೆದುದಕ್ಕಾಗಿ ಕವಿಯನ್ನು ಆಸ್ಥಾನದಿಂದ ಹೊರಡಿಸಿದ ಅರಸನ ಕತೆಯನ್ನು ನಾವು ಓದಿಲ್ಲ. ಇಲ್ಲಿ ನನ್ನ ಸಿನಿಕ ಮಿತ್ರನ ಸಿಟ್ಟು ನ್ಯಾಯವಾದದ್ದೇ.

ಇನ್ನು ಸುಂಕದ ಕಟ್ಟೆಯ ಮಾತು. ೨೦೦೬ರ ಏಪ್ರಿಲಿನಲ್ಲಿ ಬೆಥೆಸ್ಡಾ ಎಂಬ ಸಂಸ್ಥೆ ತನ್ನ ‘ಅಬ್ಲಿವಿಯನ್’ ಆಟವನ್ನು ಆಗಲೇ ಕೊಂಡಿದ್ದವರಿಗೆ, ಅದರೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿತು. ಆಟಗಾರರೆಲ್ಲ ನಕ್ಕರು, ಬೈದರು. ಆದರೂ ಕೊಳ್ಳುವವರು ಕೊಂಡರು. ಡೇರೆಯ ಮೇಳದ ಆಟಕ್ಕೆ ಟಿಕೇಟು ಕೊಂಡು ಒಳಗೆ ಕುಳಿತವನ ಬಳಿಗೆ ನಡುರಾತ್ರಿಯಲ್ಲಿ ಒಬ್ಬನು ಬಂದು ‘ಕರ್ಣನಿಗೆ ಕಿರೀಟ ಬೇಕಾದರೆ ಇನ್ನು ನಾಲ್ಕಾಣೆ ಕೊಡಿ’ ಎಂದರೆ ಹೇಗಿರುತ್ತಿತ್ತು? ಅಂದಿನ ಕುದುರೆಯ ಕವಚ ಒಂದು ತಮಾಷೆಯಾಗಿ ಕಂಡಿತು. ಆ ತಮಾಷೆಯೇ ಮುಂದೆ ಉದ್ಯಮದ ಶಾಸ್ತ್ರವಾಯಿತು.

ಕವಚವನ್ನು ಕೊಳ್ಳುವವನಿಗೆ ತಾನು ಏನನ್ನು ಕೊಂಡೆನೆಂದಾದರೂ ತಿಳಿದಿತ್ತು. ‘ಲೂಟ್ ಬಾಕ್ಸ್’ ಎಂಬ ಮುಚ್ಚಿದ ಪೆಟ್ಟಿಗೆಯಲ್ಲಿ ಅದೂ ಇಲ್ಲ. ಹಣ ಕೊಟ್ಟು ಪೆಟ್ಟಿಗೆ ತೆರೆಯಬೇಕು. ಒಳಗೆ ರತ್ನವೋ ಕಲ್ಲೋ ಅದೃಷ್ಟಕ್ಕೆ ಬಿಟ್ಟದ್ದು. ೨೦೧೭ರ ನವೆಂಬರಿನಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ ೨’ ಎಂಬ ಆಟ ಬಂದಾಗ, ಪೂರ್ತಿ ಬೆಲೆ ಕೊಟ್ಟವರೂ ಬಲಿಷ್ಠರಾಗಬೇಕಾದರೆ ಇಂಥ ಪೆಟ್ಟಿಗೆಗಳ ಮೊರೆಹೊಗಬೇಕೆಂಬ ಏರ್ಪಾಡನ್ನು ಕಂಡು ಲೋಕದ ಆಟಗಾರರೆಲ್ಲ ಕೆರಳಿದರು. ಆಟ ಬಿಡುಗಡೆಯಾಗುವ ಹೊತ್ತಿಗೆ ಇಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಆ ಮಾರಾಟವನ್ನು ತಡೆಹಿಡಿಯಬೇಕಾಯಿತು. ಮರುವರ್ಷ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಮಂಡಲಿ ಹಲವು ಪ್ರಸಿದ್ಧ ಆಟಗಳ ಇಂಥ ಪೆಟ್ಟಿಗೆಗಳನ್ನು ಪರಿಶೀಲಿಸಿ, ಇದು ಜೂಜೇ ಎಂದು ತೀರ್ಮಾನಿಸಿತು. ೨೦೨೨ರ ಡಿಸೆಂಬರಿನಲ್ಲಿ, ‘ಫೋರ್ಟ್‌ನೈಟ್’ ಆಟದ ಒಡೆಯರಾದ ಎಪಿಕ್ ಸಂಸ್ಥೆಯವರು ಅಮೆರಿಕದ ವ್ಯಾಪಾರ ಆಯೋಗದೊಡನೆ ೫೨ ಕೋಟಿ ಡಾಲರಿಗೆ ರಾಜಿ ಮಾಡಿಕೊಂಡರು. ಅದರಲ್ಲಿ ೨೪.೫ ಕೋಟಿ, ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ ಬೇಡದ ಖರೀದಿಗಳನ್ನು ಮಾಡಿಸಿದರೆಂಬ ಆರೋಪಕ್ಕಾಗಿ ಗಿರಾಕಿಗಳಿಗೆ ಹಿಂದಿರುಗಿಸತಕ್ಕ ಹಣ. ಉಳಿದದ್ದು ಮಕ್ಕಳ ಖಾಸಗಿ ವಿವರಗಳನ್ನು ಕುರಿತ ನಿಯಮವನ್ನು ಮೀರಿದರೆಂಬ ಆರೋಪಕ್ಕೆ ದಂಡ. ಪಗಡೆಗೆ ಕುಳಿತ ಧರ್ಮರಾಯನಿಗೆ ತಾನು ಜೂಜಾಡುತ್ತಿದ್ದೇನೆಂದು ಗೊತ್ತಿತ್ತು. ಎದುರಿಗೆ ಕುಳಿತವನು ಶಕುನಿಯೆಂಬುದೂ ಗೊತ್ತಿತ್ತು. ಹತ್ತು ವರ್ಷದ ಹುಡುಗನಿಗೆ ಈ ಎರಡೂ ಗೊತ್ತಿಲ್ಲ. ಅವನ ಎದುರಿಗೆ ಶಕುನಿ ಕಾಣಿಸುವುದಿಲ್ಲ. ಬಣ್ಣಬಣ್ಣದ ಪೆಟ್ಟಿಗೆ ಕಾಣಿಸುತ್ತದೆ.

ಈಗ ಆ ಡಿಸ್ಕಿನ ಮಾತಿಗೆ ಬರೋಣ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಆಪಾದನೆ ಇದು. ನನ್ನ ಮಿತ್ರನಿಗಾದುದು ಅವನೊಬ್ಬನಿಗೇ ಆದುದಲ್ಲ. ಯೂಬಿಸಾಫ್ಟ್ ಸಂಸ್ಥೆ ೨೦೧೪ರಲ್ಲಿ ಹೊರತಂದ ‘ದಿ ಕ್ರೂ’ ಎಂಬ ಕಾರು ಓಡಿಸುವ ಆಟ ೨೦೨೪ರ ಮಾರ್ಚ್ ೩೧ರಂದು ನಿಂತುಹೋಯಿತು. ಒಬ್ಬನೇ ಕುಳಿತು ಆಡಬಹುದಾದ ಭಾಗವೂ ಕಂಪನಿಯ ಸರ್ವರನ್ನೇ ನಂಬಿಕೊಂಡಿದ್ದರಿಂದ, ಹಣ ಕೊಟ್ಟು ಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ. ಇದನ್ನು ಕಂಡು ರಾಸ್ ಸ್ಕಾಟ್ ಎಂಬವರು ‘ಆಟಗಳನ್ನು ಕೊಲ್ಲುವುದನ್ನು ನಿಲ್ಲಿಸಿ’ ಎಂಬ ಚಳವಳಿಯನ್ನು ಆರಂಭಿಸಿದರು. ಯುರೋಪಿನ ಒಕ್ಕೂಟಕ್ಕೆ ಪ್ರಜೆಗಳು ಸಲ್ಲಿಸುವ ಮನವಿಗೆ ೨೦೨೫ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮಿಕ್ಕ ಸಹಿಗಳು ಬಿದ್ದವು. ಅವರು ಕೇಳುವುದು ದೊಡ್ಡದೇನಲ್ಲ: ನಡೆಸಲಾಗದಿದ್ದರೆ ನಿಲ್ಲಿಸಿ, ಆದರೆ ಕೊಂಡವರು ತಾವೇ ಹೇಗಾದರೂ ಆಡಿಕೊಳ್ಳುವಂಥ ಸ್ಥಿತಿಯಲ್ಲಿ ಬಿಟ್ಟುಹೋಗಿ. ಕ್ಯಾಲಿಫೋರ್ನಿಯಾ ರಾಜ್ಯ ೨೦೨೪ರಲ್ಲಿ ಒಂದು ಶಾಸನ ಮಾಡಿತು. ಅದರಂತೆ, ಹಿಂದಕ್ಕೆ ಪಡೆಯಬಹುದಾದ ಸರಕನ್ನು ‘ಕೊಳ್ಳಿ’ ಎಂದು ಮಾರುವವರು ಇದು ಒಡೆತನವಲ್ಲ, ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಕೊಳ್ಳುವುದು ಎಂಬ ಸಾಮಾನ್ಯ ಕ್ರಿಯಾಪದದ ಅರ್ಥವನ್ನು ಕಾಪಾಡುವುದಕ್ಕೆ ಶಾಸನಸಭೆ ಕೂಡಬೇಕಾಯಿತೆಂದರೆ ಭಾಷೆಯ ಅಧ್ಯಾಪಕನಿಗೆ ಯೋಚನೆಯಾಗದಿದ್ದೀತೆ?

ಯೋಚನೆಗೆ ಇನ್ನೊಂದು ಕಾರಣವುಂಟು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ ೨೦೨೩ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ೨೦೧೦ಕ್ಕೆ ಮೊದಲು ಆ ದೇಶದಲ್ಲಿ ಹೊರಬಂದ ಹಳೆಯ ಆಟಗಳ ಪೈಕಿ ನೂರಕ್ಕೆ ೮೭ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ಅದು ತಿಳಿಸುತ್ತದೆ. ಹತ್ತನೆಯ ಶತಮಾನದ ಪಂಪಭಾರತ ೧೮೯೮ರಲ್ಲಿ ಅಚ್ಚಾಯಿತು. ಒಂಬೈನೂರು ವರ್ಷಕ್ಕೂ ಮಿಕ್ಕಿ ಅದನ್ನು ಉಳಿಸಿದ್ದು ಓಲೆಗರಿ, ಮತ್ತು ಅದನ್ನು ಪ್ರತಿಮಾಡಿದ ಹೆಸರಿಲ್ಲದ ಲಿಪಿಕಾರರು. ಒಂದು ಮನೆಯ ಕಟ್ಟನ್ನು ಗೆದ್ದಲು ತಿಂದರೆ ಇನ್ನೊಂದು ಬಸದಿಯಲ್ಲಿ ಮತ್ತೊಂದು ಪ್ರತಿ ಇರುತ್ತಿತ್ತು. ಅರಸೊತ್ತಿಗೆಗಳು ಅಳಿದರೂ ಕಾವ್ಯ ಅಳಿಯಲಿಲ್ಲ, ಏಕೆಂದರೆ ಅದರ ಜೀವ ಅರಮನೆಯೊಂದರಲ್ಲೇ ಇರಲಿಲ್ಲ. ಇಂದಿನ ಆಟದ ಜೀವವಾದರೋ ಏಳು ಸಮುದ್ರದಾಚೆಯ ಗಿಳಿಯಲ್ಲಿಟ್ಟ ರಾಕ್ಷಸನ ಪ್ರಾಣದಂತೆ ಕಂಪನಿಯ ಯಂತ್ರದಲ್ಲಿದೆ. ಗಿಳಿಯ ಕತ್ತು ಹಿಚುಕಿದ ದಿನ ಲಕ್ಷ ಮನೆಗಳಲ್ಲಿ ಆಟ ಒಟ್ಟಿಗೆ ಸಾಯುತ್ತದೆ. ಒಂದು ಕಾಲದವರು ಏನು ಕಂಡು ನಕ್ಕರು, ಯಾವುದಕ್ಕೆ ಹೆದರಿದರು, ಯಾರೊಡನೆ ಕುಳಿತು ಭಾನುವಾರ ಕಳೆದರು ಎಂಬುದರ ಗುರುತೇ ಉಳಿಯದು.

ಇಷ್ಟನ್ನೂ ಒಪ್ಪಿದ ಮೇಲೆ ಸಿನಿಕನ ಪಕ್ಷವೇ ಗೆದ್ದಿತಲ್ಲ ಎಂದು ವಾಚಕರು ಕೇಳಬಹುದು. ಇಲ್ಲ. ಅವನು ಕಪಟವೆಂಬ ಅರ್ಥವನ್ನು ಚೆನ್ನಾಗಿ ಓದಿಕೊಂಡಿದ್ದಾನೆ. ಉಳಿದ ಎರಡು ಅರ್ಥಗಳನ್ನು ಮರೆತಿದ್ದಾನೆ.

೧೯೮೪ರಲ್ಲಿ ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಯ ಗಣಕಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬವನು ‘ಟೆಟ್ರಿಸ್’ ಎಂಬ ಆಟವನ್ನು ಕಟ್ಟಿದ. ಮಾರಾಟದ ಯೋಚನೆ ಅದರ ಹುಟ್ಟಿನಲ್ಲಿ ಇರಲಿಲ್ಲ; ಗೆಳೆಯರು ಆಡಿದರು, ಪ್ರತಿಮಾಡಿಕೊಂಡರು, ಅದು ಊರಿಂದೂರಿಗೆ ಹಬ್ಬಿತು. ಜಗತ್ತೆಲ್ಲ ಅದನ್ನು ಆಡಿ ಹಲವರು ಧನಿಕರಾದ ಮೇಲೆ, ೧೯೯೬ರಿಂದ ಮಾತ್ರ ಅದರ ರಚನಕಾರನಿಗೆ ಗೌರವಧನ ಬರತೊಡಗಿತು. ಅಮೆರಿಕದ ಎರಿಕ್ ಬರೋನ್ ಎಂಬವನು ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬನೇ ಕುಳಿತು, ಚಿತ್ರ ತಾನೇ ಬರೆದು, ಸಂಗೀತ ತಾನೇ ಕಟ್ಟಿ, ೨೦೧೬ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ಹೊರತಂದ. ಪಟ್ಟಣದ ಕಚೇರಿಯ ಕೆಲಸಕ್ಕೆ ಬೇಸತ್ತವನು ಅಜ್ಜ ಬಿಟ್ಟುಹೋದ ಹೊಲಕ್ಕೆ ಬಂದು ಉತ್ತು ಬಿತ್ತುವ ಕತೆ ಅದು. ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಮಾರಿಹೋದರೂ, ಹೊಸದಾಗಿ ಸೇರಿಸಿದ ಭಾಗಗಳಿಗೆ ಅವನು ಬೇರೆ ಹಣ ಕೇಳಲಿಲ್ಲ. ಲೂಟ್ ಬಾಕ್ಸುಗಳಿಗೆ ಜೂಜೆಂದು ಹೆಸರಿಟ್ಟ ಬೆಲ್ಜಿಯಂ ದೇಶದ್ದೇ ಆದ ಲೇರಿಯನ್ ಎಂಬ ತಂಡ ೨೦೨೩ರ ಆಗಸ್ಟಿನಲ್ಲಿ ‘ಬಾಲ್ಡರ್ಸ್ ಗೇಟ್ ೩’ ಎಂಬ ಬೃಹತ್ ಕೃತಿಯನ್ನು, ಒಳಗೆ ಎಲ್ಲಿಯೂ ಸುಂಕದ ಕಟ್ಟೆ ಇಲ್ಲದಂತೆ, ಲೋಕಕ್ಕೆ ಒಪ್ಪಿಸಿತು. ಲೋಕ ಅದನ್ನು ತಲೆಯ ಮೇಲಿಟ್ಟುಕೊಂಡಿತು. ದೊಡ್ಡ ಸಂಸ್ಥೆಗಳಲ್ಲಿಯೂ ಅಪವಾದಗಳಿಲ್ಲದಿಲ್ಲ. ನಿಂಟೆಂಡೊ ಸಂಸ್ಥೆಯ ಅಧ್ಯಕ್ಷರಾಗಿದ್ದ ಸತೋರು ಇವಾಟಾ ೨೦೧೪ರಲ್ಲಿ ವ್ಯಾಪಾರ ತಗ್ಗಿದಾಗ ತಮ್ಮ ಸಂಬಳವನ್ನು ಕೆಲವು ತಿಂಗಳ ಮಟ್ಟಿಗೆ ಅರ್ಧಕ್ಕೆ ಇಳಿಸಿಕೊಂಡರು. ಕೆಲಸ ಹೋದೀತೆಂದು ನಡುಗುವವರು ಜನರ ಮನಸ್ಸನ್ನು ತಟ್ಟುವ ಆಟವನ್ನು ಮಾಡಲಾರರೆಂಬ ಅರ್ಥದ ಮಾತನ್ನು ಅದರ ಹಿಂದಿನ ವರ್ಷ ಷೇರುದಾರರ ಮುಂದೆಯೇ ಆಡಿದ್ದರು. ಅವರು ಸ್ವತಃ ಆಟಗಳನ್ನು ರಚಿಸಿ ಮೇಲೆ ಬಂದವರು.

ಎಲ್ಲರೂ ಕಳ್ಳರು ಎಂದರೆ ಈ ರೈತ, ಈ ಗಣಕಪಂಡಿತ, ಈ ಅಧ್ಯಕ್ಷರೂ ಕಳ್ಳರ ಪಟ್ಟಿಗೆ ಸೇರಿದ ಹಾಗಾಯಿತು. ಅದು ಅನ್ಯಾಯವೆಂಬುದು ಹಾಗಿರಲಿ, ಅವಿವೇಕವೂ ಹೌದು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಕೋಲಿನಿಂದ ಹೊಡೆಯುವವನಿಗೆ ಕೆಟ್ಟದ್ದು ಹೆದರುವುದಿಲ್ಲ.

ಸಿನಿಕತೆಯ ಮೇಲೆ ನಮಗಿರುವ ಮುಖ್ಯ ಆಕ್ಷೇಪವೇ ಇದು: ಅದು ನೋಡುವುದಕ್ಕೆ ಬಂಡಾಯದಂತಿದ್ದರೂ ನಡೆಯಲ್ಲಿ ವಿಧೇಯತೆ. ಮಿತ್ರನು ಎದ್ದು ಹೊರಡುವ ಮುನ್ನ, ಬರಲಿರುವ ಒಂದು ಆಟಕ್ಕೆ ಆಗಲೇ ಮುಂಗಡ ಹಣ ಕಟ್ಟಿರುವ ಸಂಗತಿ ಬಾಯಿಂದ ಜಾರಿಬಿತ್ತು. “ಅಷ್ಟೆಲ್ಲ ಬೈದೆಯಲ್ಲಪ್ಪಾ?” ಎಂದರೆ, “ಹೇಗಿದ್ದರೂ ಮೋಸವೇ ಸಾರ್, ಮೊದಲೇ ಕಟ್ಟಿದರೇನು, ಆಮೇಲೆ ಕಟ್ಟಿದರೇನು?” ಎಂದ. ವ್ಯಾಪಾರಿಗೆ ಇದಕ್ಕಿಂತ ಬೇಕಾದ ಗಿರಾಕಿ ಯಾರು? ಏನನ್ನೂ ನಿರೀಕ್ಷಿಸದವನು ಏನನ್ನೂ ಕೇಳುವುದಿಲ್ಲ. ಬೈಗುಳ ಅವನಿಗೆ ಬುದ್ಧಿವಂತಿಕೆಯ ತೃಪ್ತಿಯನ್ನು ಕೊಡುತ್ತದೆ. ಹಣ ಅವರಿಗೆ ಹೋಗುತ್ತದೆ. ೨೦೨೦ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ ೨೦೭೭’ ಬಂದಾಗ ೮೦ ಲಕ್ಷ ಜನ ಕಣ್ಣಾರೆ ಕಾಣುವ ಮುನ್ನವೇ ಬೆಲೆ ಕಟ್ಟಿದ್ದರು. ಹಳೆಯ ಯಂತ್ರಗಳಲ್ಲಿ ಅದು ಆಡಲು ಬಾರದಷ್ಟು ಕೆಟ್ಟಿದ್ದುದರಿಂದ ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿ, ಕೇಳಿದವರಿಗೆ ಹಣ ಹಿಂದಿರುಗಿಸಬೇಕಾಯಿತು. ಮುಂಗಡ ಕಟ್ಟಿದ ಆ ೮೦ ಲಕ್ಷ ಜನರಲ್ಲಿ ಮುಗ್ಧರಷ್ಟೇ ಇದ್ದರೆಂದು ನಮಗೆ ತೋರದು. ಎಲ್ಲ ಬಲ್ಲ ಸಿನಿಕರೂ ಬೇಕಾದಷ್ಟು ಇದ್ದಿರಬೇಕು.

ಇದಕ್ಕೆ ವಿರುದ್ಧವಾದ ನಿದರ್ಶನವನ್ನೂ ನೋಡಿ. ೨೦೨೪ರ ಆಗಸ್ಟ್ ೨೩ರಂದು ಅದೇ ಸೋನಿ ಸಂಸ್ಥೆ ‘ಕಾಂಕರ್ಡ್’ ಎಂಬ ಆಟವನ್ನು ಬಹಳ ವೆಚ್ಚದಿಂದ ಹೊರತಂದಿತು. ಯಾರೂ ಗಲಾಟೆ ಮಾಡಲಿಲ್ಲ. ಜನ ಸುಮ್ಮನೆ ಕೊಳ್ಳಲಿಲ್ಲ. ಎರಡು ವಾರದಲ್ಲಿ, ಸೆಪ್ಟೆಂಬರ್ ೬ರಂದು, ಆಟವನ್ನು ನಿಲ್ಲಿಸಿ ಕೊಂಡವರಿಗೆಲ್ಲ ಹಣ ಹಿಂದಿರುಗಿಸಿದರು. ಆ ವಿವೇಕದ ಬೆಲೆಯನ್ನು ಮತ್ತೆ ತೆತ್ತವರು ಕೂಲಿಯವರೇ, ಆಟ ರಚಿಸಿದ ತಂಡವನ್ನು ಮುಂದೆ ಮುಚ್ಚಿದರು ಎಂಬುದನ್ನು ಮರೆಯುವಂತಿಲ್ಲ. ಅಂತೂ ಕೊಳ್ಳುವವನ ಕೈಗೆ ಶಕ್ತಿಯಿಲ್ಲವೆಂಬ ಮಾತು ನಿಜವಲ್ಲ.

ನಮ್ಮ ನಾಡಿಗೆ ಈ ವಿಚಾರ ದೂರದ್ದೆಂದು ಯಾರೂ ತಿಳಿಯಬಾರದು. ೧೯೯೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆ ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಬೇಕಾದ ಚಿತ್ರಕಲೆಯ ಕೆಲಸವನ್ನು ಇಲ್ಲಿ ಕುಳಿತು ಮಾಡಿಕೊಟ್ಟಿತು. ೨೦೧೯ರಲ್ಲಿ ಅದನ್ನು ರಾಕ್‌ಸ್ಟಾರ್ ಸಂಸ್ಥೆ ಕೊಂಡಿತು. ದೂರದ ಯಾವುದೋ ಆಟದ ಬೀದಿಯಲ್ಲಿ ನಿಂತ ಕಾರಿಗೂ ಮರಕ್ಕೂ ಬಣ್ಣ ಕೊಟ್ಟವರು ನಮ್ಮ ಊರಿನ ಹುಡುಗಹುಡುಗಿಯರು ಇದ್ದಾರು. ರಾಬಿನೆಟ್ಟನ ಗುಪ್ತ ಕೊಠಡಿ ನೆನಪಾಗುವುದು ಇಂಥಲ್ಲಿಯೇ. ಕಾನೂನಿನ ಕಡೆಯಿಂದಲೂ ಪ್ರಯತ್ನಗಳು ನಡೆದಿವೆ. ಕರ್ನಾಟಕವು ೨೦೨೧ರಲ್ಲಿ ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಮಾಡಿದ ತಿದ್ದುಪಡಿಯ ಮುಖ್ಯಾಂಶಗಳನ್ನು ಉಚ್ಚ ನ್ಯಾಯಾಲಯ ೨೦೨೨ರ ಫೆಬ್ರವರಿಯಲ್ಲಿ ರದ್ದುಮಾಡಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂಥ ನಿಷೇಧದ ಶಾಸನವನ್ನು ಅಂಗೀಕರಿಸಿತು. ಜೂಜನ್ನು ತಡೆಯಲು ಶಾಸನ ಬೇಕು. ಆದರೆ ಒಳ್ಳೆಯ ಆಟ ಯಾವುದು, ಹುಸಿ ಆಟ ಯಾವುದು ಎಂಬ ರುಚಿಯನ್ನು ಶಾಸನ ಕಲಿಸಲಾರದು.

ಆ ಕೆಲಸ ವಿಮರ್ಶೆಯದು. ಸಾಹಿತ್ಯದ ಪುಟಕ್ಕೆ ಈ ವಿಷಯ ಸಲ್ಲುವುದೂ ಇಲ್ಲಿಯೇ. ನಮ್ಮ ಪತ್ರಿಕೆಗಳಲ್ಲಿ ಈ ಆಟಗಳ ಮಾತು ಬರುವುದು ಬಹುಮಟ್ಟಿಗೆ ವಾಣಿಜ್ಯದ ಪುಟದಲ್ಲಿ. ಇಲ್ಲವೆ ಹುಡುಗನೊಬ್ಬ ಮನೆಯ ಹಣ ಕಳೆದನೆಂಬ ಸುದ್ದಿಯಲ್ಲಿ. ನಾಟಕಕ್ಕೆ, ಚಲನಚಿತ್ರಕ್ಕೆ, ಕಾದಂಬರಿಗೆ ನಮ್ಮಲ್ಲಿ ವಿಮರ್ಶೆಯ ಸಂಪ್ರದಾಯವುಂಟು. ಕೋಟ್ಯಂತರ ತರುಣರು ದಿನವೂ ಕೈಯಲ್ಲಿ ಹಿಡಿದಿರುವ ಈ ಕಲೆಗೆ ಏಕಿರಬಾರದು? ಒಂದು ಕಾದಂಬರಿ ಕೆಟ್ಟಿತೆಂದು ‘ಕಾದಂಬರಿಯೆಂಬುದೇ ಮೋಸ’ ಎಂದು ವಿಮರ್ಶಕ ಹೇಳುವುದಿಲ್ಲ. ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು, ಚೆನ್ನಾದದ್ದು ಹೇಗಿರುತ್ತದೆ ಎಂದು ತೋರಿಸುತ್ತಾನೆ. ಆಟದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳೂ ಸರಳವೇ. ಈ ಆಟಕ್ಕೆ ಒಂದು ಮುಗಿವು ಉಂಟೆ, ಅಥವಾ ನನ್ನನ್ನು ಎಂದೆಂದಿಗೂ ಕಟ್ಟಿಹಾಕುವುದೇ ಇದರ ಉದ್ದೇಶವೆ? ಕೊಂಡ ಮೇಲೆ ಇದು ನನ್ನದೆ? ಮಾಡಿದವರ ಹೆಸರು ಇದರಲ್ಲಿ ಉಂಟೆ, ಅವರ ಅನ್ನ ಅವರಿಗೆ ಉಳಿದಿದೆಯೆ? ಈ ಪ್ರಶ್ನೆಗಳನ್ನು ಕೇಳಿ ಉತ್ತರ ಸಿಕ್ಕಿದ ಮೇಲೆ ಹಣ ಕೊಡುವವನು ಸಿನಿಕನಲ್ಲ, ರಸಿಕ.

ಆ ಮಿತ್ರನಿಗೆ ಹೊರಡುವಾಗ ಒಂದು ಕೆಲಸ ಹೇಳಿ ಕಳಿಸಿದೆವು. ಅವನೂ ಅವನ ಅಣ್ಣನೂ ಕಾದ ಕೋಟೆಯನ್ನು ಕುರಿತು, ಅದು ಹೇಗಿತ್ತು, ಯಾವ ಬಾಗಿಲಲ್ಲಿ ನಿಂತರೆ ಏನು ಕಾಣಿಸುತ್ತಿತ್ತು, ಆ ಆಟದಲ್ಲಿ ಚೆನ್ನಾದದ್ದೇನು, ಕೆಟ್ಟದ್ದೇನು ಎಂದು ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡಬೇಕು. ಕಾಲೇಜಿನ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ ಎಂದೆವು. ಸರ್ವರಿನಲ್ಲಿ ಉಳಿಯದ ಕೋಟೆ ಕಾಗದದ ಮೇಲಾದರೂ ಉಳಿಯಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆಯುತ್ತೇನೆ ಸಾರ್. ಆದರೆ ಹೊಗಳುವುದಿಲ್ಲ” ಎಂದ.

ಹೊಗಳಬೇಕೆಂದು ನಾವು ಕೇಳಿಲ್ಲ. ಡಿಸ್ಕನ್ನು ಅವನು ಮೇಜಿನ ಮೇಲೆ ಬಿಟ್ಟುಹೋಗಲಿಲ್ಲ. ಒರಸಿ, ಮತ್ತೆ ಚೀಲದಲ್ಲಿಟ್ಟುಕೊಂಡು ಹೋದ.